ನಾಲ್ಕು ಜೇಬಿನ ಅಂಗಿ

ಅವರ ಅಂಗಿಗೆ ನಾಲ್ಕು ಜೇಬು. ಎದೆಯ ಎಡಕ್ಕೆ ಎರಡು, ಬಲಕ್ಕೆ ಎರಡು, ಒಂದರ ಕೆಳಗೊಂದು. ಅಂಗಿ ಬಿಳಿ, ಅರ್ಧ ತೋಳಿನದು. ಜೇಬಿನ ಬಾಯಿಗೆ ಮಾತ್ರ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಕೆಂಪು, ಹಸಿರು, ನೀಲಿ, ಹಳದಿ. ಮೊದಲ ಸಲ ನೋಡಿದಾಗ ನನ್ನ ಕಣ್ಣು ಅವರ ಮುಖಕ್ಕೆ ಹೋಗಲೇ ಇಲ್ಲ. ದರ್ಜಿಯ ಹತ್ತಿರ ಬಿಳಿ ದಾರ ಮುಗಿದು ಸಿಕ್ಕಿದ್ದರಲ್ಲಿ ಹೊಲಿದಿರಬೇಕು, ಈ ಮನುಷ್ಯ ಅದನ್ನೇ ನೆಪ ಮಾಡಿ ಕೂಲಿಯಲ್ಲಿ ಇಪ್ಪತ್ತು ರೂಪಾಯಿ ಇಳಿಸಿರಬೇಕು ಎಂದುಕೊಂಡೆ. ನಾನು ವ್ಯಾಪಾರದವಳು. ಯಾರನ್ನು ಕಂಡರೂ ನನಗೆ ಮೊದಲು ಹೊಳೆಯುವುದು ಇವರು ಎಷ್ಟಕ್ಕೆ ಇಳಿಸಿದರು ಅನ್ನುವುದೇ.

ಅವರು ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಸಂಶೋಧನೆಗೆ ಅಂತ ಅಧ್ಯಾಪಕರು ದೆಹಲಿಯಿಂದ, ಬೆಂಗಳೂರಿನಿಂದ ತರುವ ಪ್ರಾಜೆಕ್ಟಿನ ಹಣವೆಲ್ಲ ಅವರ ಮೇಜಿನ ಮೇಲೆ ಹಾದು ಹೋಗಬೇಕು. ನಾವು ‘ಲೆಕ್ಕದ ಸಾಹೇಬರು’ ಅನ್ನುತ್ತಿದ್ದೆವು. ಊರು ಸೋಸಲೆ. ದಿನವೂ ಬೆಳಗ್ಗೆ ಸೋಸಲೆಯಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮೈಸೂರಿಗೆ ಇನ್ನೊಂದು. ಸಂಜೆ ಅದೇ ದಾರಿಯಲ್ಲಿ ವಾಪಸ್. ನಡುವೆ ಆರೇಳು ತಾಸು ಬೇರೆಯವರ ದುಡ್ಡನ್ನು ಕಾಯುವ ಕೆಲಸ.

ನಂಜನಗೂಡಿನ ಬಾಳೆಹಣ್ಣಿನ ಹೆಂಗಸಿಗೂ ವಿಶ್ವವಿದ್ಯಾಲಯದ ಸೂಪರಿಂಟೆಂಡೆಂಟರಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ನಾನು ಬಸ್‌ಸ್ಟ್ಯಾಂಡಿನಲ್ಲಿ ಮಂಕರಿ ಇಟ್ಟುಕೊಂಡು ಚಿಪ್ಪು ಲೆಕ್ಕದಲ್ಲಿ ಹಣ್ಣು ಮಾರಿ ಬೆಳೆದವಳು. ಹಣ್ಣಿಗಿಂತ ನೆಡುವ ಬಾಳೆಕಂದು ಮಾರುವುದರಲ್ಲಿ ಲಾಭ ಅಂತ ತಿಳಿದ ಮೇಲೆ ಊರಾಚೆ ಅರ್ಧ ಎಕರೆ ಗುತ್ತಿಗೆಗೆ ಹಿಡಿದು ನರ್ಸರಿ ಮಾಡಿದೆ. ಒಂದು ದಿನ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಮೇಡಮ್ಮೋರು ಹುಡುಕಿಕೊಂಡು ಬಂದರು. ನಮ್ಮ ರಸಬಾಳೆಗೆ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಹಾಳಾಗಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ರೋಗ ತಡೆಯುವ ಸಸಿಯನ್ನು ಅವರು ಲ್ಯಾಬಿನಲ್ಲಿ, ಬಾಟಲಿಯೊಳಗೆ ಬೆಳೆಸುತ್ತಿದ್ದರು. ಬಾಟಲಿಯಿಂದ ಹೊರಗೆ ಬಂದ ಸಸಿಯನ್ನು ಮುಂಗಾರಿನವರೆಗೆ ನೆರಳಿನಲ್ಲಿ ಸಾಕಿ, ಗಾಳಿ ಬಿಸಿಲು ಅಭ್ಯಾಸ ಮಾಡಿಸಿ, ಆಮೇಲೆ ಹೆಮ್ಮಿಗೆ ಕಡೆಯ ಹೊಲಗಳಲ್ಲಿ ನೆಟ್ಟು ಪರೀಕ್ಷೆ ಮಾಡಬೇಕು. ಮೂರು ವರ್ಷದ ಪ್ರಾಜೆಕ್ಟು, ದೆಹಲಿಯ ದುಡ್ಡು. ನನ್ನ ನರ್ಸರಿ ಪಕ್ಕದ ಜಾಗವನ್ನೇ ಪ್ರಾಜೆಕ್ಟಿಗೆ ಹಿಡಿದರು. ಸಸಿ ಸಾಕುವ ಉಸ್ತುವಾರಿ ನನ್ನದಾಯಿತು.

ಮೇಡಮ್ಮೋರು ಬಾಳೆಯ ಬೇರಿನೊಳಗಿನ ಬೂಷ್ಟನ್ನು ಹೆಸರು ಹಿಡಿದು ಕರೆಯಬಲ್ಲರು, ಅಂಗಡಿಗೆ ಹೋದರೆ ಹೇಳಿದ ಬೆಲೆಗೆ ತಲೆಯಾಡಿಸುತ್ತಾರೆ. ನೆರಳುಮನೆ ಕಟ್ಟಿಸಲು ಮೂರು ಅಂಗಡಿಯಿಂದ ಕೊಟೇಶನ್ ತರಬೇಕಿತ್ತು. “ನೀವು ಒಬ್ರೇ ಓಗ್ಬೇಡಿ ಮೇಡಮ್ಮೋರೆ, ನಾನೂ ಬತ್ತೀನಿ” ಎಂದೆ. ಚೌಕಾಸಿಯ ವಿಷಯದಲ್ಲಿ ನನ್ನಿಂದ ಒಂದು ಮಾತು ಕೇಳಿಟ್ಟುಕೊಳ್ಳಿ: ಅಂಗಡಿಗೆ ಹೋದವರು ಮೊದಲು ಬೆಲೆ ಕೇಳಬಾರದು. ನೀರು ಕೇಳಬೇಕು. ನೀರು ತಂದುಕೊಟ್ಟವನು ಅರ್ಧ ನೆಂಟನಾಗಿಬಿಡುತ್ತಾನೆ. ಆಮೇಲೆ ಪಕ್ಕದ ಅಂಗಡಿಯವನ ಯೋಗಕ್ಷೇಮ ವಿಚಾರಿಸಬೇಕು. ಬೆಲೆ ತಾನಾಗಿ ಇಳಿಯುತ್ತದೆ. ಮೂರು ಲಕ್ಷ ಅರವತ್ತು ಸಾವಿರ ಅಂತ ಪ್ರಾಜೆಕ್ಟಿನಲ್ಲಿ ಬರೆದಿದ್ದ ನೆರಳುಮನೆ ಎರಡು ಲಕ್ಷ ಎಪ್ಪತ್ತಕ್ಕೆ ಮುಗಿಯಿತು. ಬಲೆ, ಕಬ್ಬಿಣದ ಪೈಪು, ತುಂತುರು ನೀರಿನ ನಲ್ಲಿ ಎಲ್ಲ ಸೇರಿ.

ತೊಂಬತ್ತು ಸಾವಿರ ಉಳಿಯಿತಲ್ಲ, ಮೇಡಮ್ಮೋರಿಗೂ ನನಗೂ ಹಬ್ಬ. ಪ್ರಾಜೆಕ್ಟಿನಲ್ಲಿ ಸಸಿ ನೋಡಿಕೊಳ್ಳಲು ಇಬ್ಬರು ಹೆಂಗಸರಿಗೆ ಮಾತ್ರ ಕೂಲಿ ಇತ್ತು. ನಮ್ಮ ಬೋರಿನ ನೀರು ಗಡಸು. ತುಂತುರು ನಲ್ಲಿಯ ಬಾಯಿ ವಾರದೊಳಗೆ ಕಟ್ಟಿಕೊಂಡಿತು. ಕೈಯಲ್ಲಿ ನೀರು ಚಿಮುಕಿಸುವುದಕ್ಕೆ ಇಬ್ಬರು ಎಲ್ಲಿ ಸಾಲುತ್ತಾರೆ? “ಉಳಿದ ದುಡ್ಡಲ್ಲಿ ಇನ್ನಿಬ್ಬರನ್ನ ಹಾಕ್ಕೊಳ್ಳೋಣ” ಎಂದರು ಮೇಡಮ್ಮೋರು. ನಾನು ಮಾದೇವಮ್ಮನನ್ನೂ ಅವಳ ಓರಗಿತ್ತಿಯನ್ನೂ ಕರೆತಂದೆ. ಮಾದೇವಮ್ಮ ಗಾರ್ಮೆಂಟ್ಸ್ ಕೆಲಸ ಬಿಟ್ಟು ನನ್ನ ಮಾತಿನ ಮೇಲೆ ಬಂದವಳು. ದಿನಕ್ಕೆ ಮುನ್ನೂರೈವತ್ತು, ತಿಂಗಳ ಕೊನೆಗೆ ಒಟ್ಟಿಗೆ ಕೊಡುವುದು ಅಂತ ಒಪ್ಪಂದ. ಡಿಸೆಂಬರು ಹೋಯಿತು, ಜನವರಿ ಮುಗಿಯುತ್ತ ಬಂತು, ದುಡ್ಡು ಬರಲಿಲ್ಲ. ಕೇಳಿಕೊಂಡು ಬರೋಣ ಅಂತ ನಾನೇ ಮೈಸೂರಿಗೆ ಹೋದೆ. ಆಗ ಕಂಡದ್ದು ಆ ನಾಲ್ಕು ಜೇಬು.

“ಸಾ, ನಾನು ಪ್ರಾಜೆಕ್ಟಿಗೆ ತೊಂಬತ್ತು ಸಾವಿರ ಉಳಿಸಿರೋಳು” ಎಂದು ಪರಿಚಯ ಮಾಡಿಕೊಂಡೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಉಳಿಸಿದ್ರಾ? ಎಲ್ಲಿದೆ?”

“ನಿಮ್ಮತ್ರಾನೇ ಐತಲ್ಲ ಸಾ.”

“ನನ್ನತ್ರ ಇರೋದು ಉಪಕರಣದ ಹೆಡ್ಡಲ್ಲಿ ತೊಂಬತ್ತು ಸಾವಿರ. ಕೂಲಿ ಹೆಡ್ಡಲ್ಲಿ ಇಬ್ಬರ ಕೂಲಿ. ನೀವು ಕೇಳ್ತಿರೋದು ನಾಲ್ಕು ಜನಕ್ಕೆ. ಒಂದು ಹೆಡ್ಡಿನ ದುಡ್ಡು ಇನ್ನೊಂದಕ್ಕೆ ಹೋಗಲ್ಲ ತಾಯಿ. ಮಾರ್ಚ್ ಕೊನೇಲಿ ಈ ತೊಂಬತ್ತು ಸಾವಿರ ಬಡ್ಡಿ ಸಮೇತ ಡೆಲ್ಲಿಗೆ ವಾಪಸ್ ಹೋಗುತ್ತೆ.”

“ಬಡ್ಡಿ ಸಮೇತಾನಾ! ನಾನು ಗಂಟಲು ಅರ್ಕೊಂಡು ಚೌಕಾಸಿ ಮಾಡಿದ್ದು ಡೆಲ್ಲಿಯೋರಿಗಾ?”

“ಚೆನ್ನಾಗೇ ಮಾಡಿದ್ದೀರಿ. ಅವರ ಪರವಾಗಿ ನಾನೇ ಥ್ಯಾಂಕ್ಸ್ ಹೇಳ್ತೀನಿ.”

ನಗುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಮೀಸೆಯ ಕೆಳಗೆ ನಗುವ ಜಾತಿ. ನನಗೆ ಮೈಯೆಲ್ಲ ಉರಿಯಿತು, ಆದರೆ ಉರಿದರೆ ವ್ಯಾಪಾರ ಕೆಡುತ್ತದೆ. ಕುರ್ಚಿ ಎಳೆದುಕೊಂಡು ಧ್ವನಿ ತಗ್ಗಿಸಿದೆ.

“ಸಾ, ಒಂದು ಕೆಲ್ಸ ಮಾಡಾನ. ನಾನೊಂದು ಬಿಲ್ಲು ಬರ್ಕೊಡ್ತೀನಿ, ನೆರಳುಮನೆ ಪೈಪು ರಿಪೇರಿ ಅಂತ. ಉಪಕರಣದ ಹೆಡ್ಡಲ್ಲೇ ಕೊಟ್ಬುಡಿ. ಬಂದ ಕಾಸು ಎಂಗಸ್ರಿಗೆ. ನಾನು ಒಂದು ಪೈಸ ಮುಟ್ಟಿದ್ರೆ ನಂಜುಂಡಪ್ಪ ನನ್ ಕೈ ಮುರೀಲಿ.”

ಇಂಥ ಮಾತಿಗೆ ಆಫೀಸಿನವರು ಎರಡು ಥರ ಇರುತ್ತಾರೆ. ಕೆಲವರು ರೇಗುತ್ತಾರೆ, ಕೆಲವರು ನಮಗೆಷ್ಟು ಅನ್ನುತ್ತಾರೆ. ಇವರು ಎರಡೂ ಮಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ನಿಜವಾಗಿಯೂ ತಿಳಿಯುವ ಕುತೂಹಲದಿಂದ ಕೇಳಿದರು.

“ಬಿಲ್ಲಲ್ಲಿ ಪೈಪು ಅಂತ ಬರೆದ್ರೆ, ಆ ಇಬ್ಬರು ಹೆಂಗಸರು ಎಲ್ಲಿಗೆ ಹೋದ್ರು?”

“ಎಲ್ಲಿಗೂ ಓಗಲ್ಲ ಸಾ, ನೀರಾಕ್ತಾವ್ರೆ.”

“ಕಾಗದದಲ್ಲಿ ಇಲ್ವಲ್ಲ. ನಾಳೆ ಸಸಿ ಬದುಕಿದ್ವು ಅಂತ ನಿಮ್ಮ ಮೇಡಂ ಡೆಲ್ಲಿಗೆ ಬರೀತಾರೆ. ಅದನ್ನ ನೋಡಿ ಇನ್ನೊಬ್ಬ ರೈತ ಸಾಕ್ತಾನೆ. ಇಬ್ಬರೇ ಹೆಂಗಸರು ಸಾಕು ಅನ್ಕೋತಾನೆ. ಅವನ ಸಸಿ ಸತ್ತೋಗುತ್ತೆ. ಯಾಕೆ ಸತ್ತಿತು ಅಂತ ಅವನಿಗೆ ಯಾರು ಹೇಳ್ತಾರೆ? ಲೆಕ್ಕದಲ್ಲಿ ಇಲ್ಲದ ಹೆಂಗಸು ತೋಟದಲ್ಲೂ ಇರಲ್ಲ ತಾಯಿ.”

ಇಷ್ಟು ವರ್ಷ ಬಿಲ್ಲು ಅಂದರೆ ದುಡ್ಡು ಹೊರಗೆ ಬರುವ ಕಿಂಡಿ ಅಂತ ತಿಳಿದಿದ್ದವಳು ನಾನು. ಬಿಲ್ಲಿನಲ್ಲಿ ಸುಳ್ಳು ಬರೆದರೆ ಬಾಳೆಗಿಡದ ಬಗ್ಗೆಯೂ ಸುಳ್ಳು ಹೇಳಿದ ಹಾಗೆ ಎಂದು ಯಾರೂ ಹೇಳಿರಲಿಲ್ಲ.

“ಮತ್ತೆ ದಾರಿ ಏನು ಸಾ?”

“ದಾರಿ ಇದೆ. ಕೇಳಬೇಕು. ದುಡ್ಡು ಕೊಟ್ಟೋರ್ನ ಕೇಳಬೇಕು, ಇದರಿಂದ ತೆಗೆದು ಅದಕ್ಕೆ ಹಾಕ್ಲಾ ಅಂತ. ಕಾರಣ ಗಟ್ಟಿಯಾಗಿದ್ರೆ ಒಪ್ತಾರೆ. ಆದ್ರೆ ಒಂದು, ಒಪ್ಪಿಗೆ ಹಿಂದಕ್ಕೆ ತಿರುಗಿ ನೋಡಲ್ಲ. ಕೇಳಿದ ದಿನದಿಂದ ಮುಂದಕ್ಕೆ ಮಾತ್ರ. ನಿಮ್ಮ ಈ ಎರಡು ತಿಂಗಳು...” ಎಂದು ಪೆನ್ಸಿಲ್ಲನ್ನು ಗಾಳಿಯಲ್ಲಿ ಅಡ್ಡ ಎಳೆದರು.

ಹನ್ನೊಂದು ಗಂಟೆಗೆ ಅವರು ಕಾಫಿಗೆ ಹೊರಟಾಗ ಹಿಂದೆಯೇ ಹೋದೆ. ಆಫೀಸಿನಲ್ಲಿ ಬಗ್ಗದವರು ಕಾಫಿ ಅಂಗಡಿಯಲ್ಲಿ ಬಗ್ಗುತ್ತಾರೆ ಅನ್ನುವುದು ನನ್ನ ಅನುಭವ. ಗೇಟಿನ ಹೊರಗಿನ ಅಂಗಡಿಯ ಮುಂದೆ ನಿಂತು ಅವರು ಹಸಿರು ದಾರದ ಜೇಬಿಗೆ ಕೈ ಹಾಕಿದರು. ಖಾಲಿ. ನಾನು ಪರ್ಸು ತೆಗೆದೆ.

“ಬೇಡ. ನಿಮ್ಮ ಬಿಲ್ಲು ನನ್ನ ಮೇಜಿನ ಮೇಲಿದೆ” ಎಂದರು. ಕೆಂಪು ಜೇಬಿನಲ್ಲಿ ನೋಟು ಇಣುಕುತ್ತಿತ್ತು. ಅದನ್ನು ಮುಟ್ಟಲಿಲ್ಲ. ಫೋನು ತೆಗೆದು ಹೆಂಡತಿಗೆ ಮಾಡಿದರು. ಪಕ್ಕದಲ್ಲಿದ್ದ ನನಗೆ ಆ ಕಡೆಯ ದನಿಯೂ ಕೇಳುತ್ತಿತ್ತು.

“ಲೇ ಇವಳೇ, ಹಸಿರು ಜೋಬು ಖಾಲಿ ಕಣೇ. ಕೆಂಪಿಂದ ಹದಿನೈದು ತಗೊಳ್ಳಾ?”

“ಹಸಿರು ಯಾಕೆ ಖಾಲಿ ಆಯ್ತು? ಸೋಮವಾರ ತಾನೆ ಹಾಕಿದ್ದು?”

“ನಿನ್ನೆ ನಿನ್ನ ತಮ್ಮ ಬಂದಿದ್ನಲ್ಲ. ಎರಡು ಮಸಾಲೆ ತಿಂದ.”

“ಆಹಾ, ನನ್ನ ತಮ್ಮ ಒಬ್ಬನೇ ತಿಂದ್ನಾ? ಆಯ್ತು, ತಗೊಳ್ಳಿ. ಸಾಯಂಕಾಲ ಬಸ್ಸಿಗೆ?”

“ನರಸೀಪುರದಿಂದ ನಡ್ಕೊಂಡ್ ಬತ್ತೀನಿ.”

ಕೆಂಪು ಜೇಬು ಬಸ್ಸಿನದು, ಹಸಿರು ಕಾಫಿ ತಿಂಡಿಯದು, ನೀಲಿ ಮನೆಗೆ ಒಯ್ಯುವ ತರಕಾರಿ ಸಾಮಾನಿನದು, ಹಳದಿ ಸಾದಿಲ್ವಾರು, ಅಂದರೆ ಯಾವುದಕ್ಕೂ ಸೇರದ ಆಕಸ್ಮಿಕ ಖರ್ಚಿನದು. “ಹಳದಿ ಇತ್ತಲ್ಲ ಸಾ?” ಎಂದು ಕೇಳಿದೆ. “ಕಾಫಿ ಆಕಸ್ಮಿಕಾನಾ? ದಿನಾ ಕುಡೀತೀನಿ” ಎಂದರು. ಒಂದು ಕಾಫಿಗಾಗಿ ಆ ಸಂಜೆ ಅವರು ನರಸೀಪುರದಿಂದ ಸೋಸಲೆಗೆ ನಡೆದದ್ದು ನಿಜ. ನಾನು ಆಮೇಲೆ ಅವರ ಹೆಂಡತಿಯನ್ನೇ ಕೇಳಿ ಖಾತ್ರಿ ಮಾಡಿಕೊಂಡೆ.

“ಎಲ್ಲ ನಿಮ್ ದುಡ್ಡೇ ಅಲ್ವಾ ಸಾ, ಯಾವ ಜೋಬಾದ್ರೇನು?”

“ಮನುಷ್ಯನಿಗೆ ದುಡ್ಡು ಕಮ್ಮಿ ಬೀಳಲ್ಲ ತಾಯಿ, ನೆನಪು ಕಮ್ಮಿ ಬೀಳುತ್ತೆ. ಯಾವುದಕ್ಕೆ ಅಂತ ಇಟ್ಟಿದ್ದೆ ಅನ್ನೋದು ಮರೀತೀವಿ. ನಾನು ಮರೆಗುಳಿ. ಅದಕ್ಕೇ ಹೊಲಿಸ್ಕೊಂಡಿದೀನಿ.” ಕಾಫಿ ಮುಗಿಸಿ ಲೋಟ ಇಟ್ಟು, “ಭಾನುವಾರ ನಿಮ್ಮ ನರ್ಸರಿ ತೆಗೆದಿರುತ್ತಾ?” ಎಂದರು.

ಭಾನುವಾರ ಬೆಳಗ್ಗೆ ಎಂಟಕ್ಕೇ ಬಂದರು. ನರಸೀಪುರದಿಂದ ನಂಜನಗೂಡಿಗೆ ಬಸ್ಸು, ಅಲ್ಲಿಂದ ನಡಿಗೆ. ಕೈಯಲ್ಲಿ ಮೊಸರನ್ನದ ಡಬ್ಬಿ, ನೀರಿನ ಬಾಟಲಿ. ನಮ್ಮ ಮನೆಯ ಒಂದು ಲೋಟ ನೀರಿಗೂ ಬಾಗಲಿಲ್ಲ. ಸರ್ಕಾರದ ಕೆಲಸವಲ್ಲ, ಭತ್ಯೆ ಇಲ್ಲ, ಯಾರೂ ಕಳಿಸಿಲ್ಲ. ಕಾಗದ ಬರೆಯಬೇಕು, ಬರೆಯುವ ಮೊದಲು ನೋಡಬೇಕು ಅನ್ನುವುದಷ್ಟೇ. ನೆರಳುಮನೆಯೊಳಗೆ ಮಣೆ ಹಾಕಿಕೊಂಡು ಕೂತು ಗಡಿಯಾರ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡರು. ಮಾದೇವಮ್ಮ ಒಂದು ಸಾಲಿಗೆ ನೀರು ಚಿಮುಕಿಸಲು ಎಷ್ಟು ಹೊತ್ತು, ಮತ್ತೆ ಅದೇ ಸಾಲಿಗೆ ಬರುವಾಗ ಎಲೆ ಒಣಗಿದೆಯೋ ಇಲ್ಲವೋ, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ನಡುನಡುವೆ ಪ್ರಶ್ನೆ. ಅವರ ಪ್ರಶ್ನೆಗಳು ಮಕ್ಕಳ ಪ್ರಶ್ನೆಯ ಹಾಗೆ. ಕೇಳಿದ ಮೇಲೆ ನಮಗೂ ಗೊತ್ತಿಲ್ಲ ಅಂತ ಗೊತ್ತಾಗುತ್ತಿತ್ತು.

“ಅಲ್ಲಮ್ಮ, ಇದು ಹುಟ್ಟಿದ್ದು ಬಾಟಲಿಯೊಳಗೆ. ಬಿಸಿಲು ಅಂದ್ರೇನು ಅಂತ ಇದಕ್ಕೆ ಯಾರು ಹೇಳ್ಕೊಡ್ತಾರೆ?”

“ನಾನೇ ಸಾ” ಎಂದಳು ಮಾದೇವಮ್ಮ. “ದಿನಾ ಒಂದೊಂದ್ ಚೂರು ಬಲೆ ಸರುಸ್ತೀನಿ. ಒಂದೇ ದಿನ ಸರುಸ್ಬುಟ್ರೆ ಸುಟ್ಟೋಯ್ತವೆ. ಅತ್ತೆ ಮನೇಗ್ ಬಂದ ಎಣ್ಮಗ ಇದ್ದಂಗೆ ಸಾ, ಮೊದಲ್ನೇ ದಿನಾನೇ ರಾಗಿ ಬೀಸು ಅಂದ್ರೆ ಓಡೋಯ್ತದೆ.”

ಸಾಹೇಬರು ಅದನ್ನೂ ಬರೆದುಕೊಂಡರು. “ಇದನ್ನ ಡೆಲ್ಲಿಗೆ ಕಳಿಸ್ಬೌದಾ?” ಎಂದು ಅವಳನ್ನೇ ಕೇಳಿದರು. ಹೋಗುವಾಗ ನಾನು ಎರಡು ಹಣ್ಣು ಕೊಡಲು ಹೋದೆ. ಕೈ ಮುಗಿದು ಬೇಡವೆಂದರು. ಆದರೆ ಬೇಲಿಯ ಪಕ್ಕ ನಾನು ಸ್ವಂತಕ್ಕೆ ಹಾಕಿಕೊಂಡಿದ್ದ ರಸಬಾಳೆಯ ಗೊನೆಯ ಹತ್ತಿರ ನಿಂತು ಮೂಗಿನ ತುಂಬ ವಾಸನೆ ಎಳೆದುಕೊಂಡರು. “ಇದಕ್ಕೆ ಹೆಡ್ಡಿಲ್ಲ” ಎಂದರು.

ಮೇಡಮ್ಮೋರ ಸಹಿಯೊಂದಿಗೆ ಕಾಗದ ಫೆಬ್ರವರಿಯ ಮೊದಲ ವಾರ ದೆಹಲಿಗೆ ಹೋಯಿತು. ನೀರಿನ ಗಡಸು, ಸಾಲಿಗೆ ಹಿಡಿಯುವ ಹೊತ್ತು, ಎಲೆ ಒಣಗುವ ಹೊತ್ತು, ಎಲ್ಲ ಅದರಲ್ಲಿತ್ತು. ಉತ್ತರಕ್ಕೆ ಕಾಯುವುದು ನನ್ನ ಪಾಲಿಗೆ ಬಂತು. ಮಾದೇವಮ್ಮ ದಿನವೂ ಕೊಳವೆ ಹಿಡಿದುಕೊಂಡೇ ಚುಚ್ಚುತ್ತಿದ್ದಳು: “ಅಕ್ಕಾ, ನಿನ್ ಡೆಲ್ಲಿ ಕಾಸು ಎತ್ತಿನ್ ಗಾಡೀಲಿ ಒಂಟೈತಾ?” ಒಂದು ದಿನ ಚುಚ್ಚಲಿಲ್ಲ. ಕೊಳವೆ ಕೆಳಗಿಟ್ಟು, “ಅಕ್ಕಾ, ಗಾರ್ಮೆಂಟ್ಸ್ ಮೇಸ್ತ್ರಿ ಫೋನ್ ಮಾಡಿದ್ದ. ಇಪ್ಪತ್ತನೇ ತಾರೀಕಿನ ಒಳಗೆ ಬಂದ್ರೆ ತಕ್ಕೋತೀನಿ ಅಂದ. ನಾವಿಬ್ರೂ ಓಯ್ತೀವಿ” ಎಂದಳು. ಮಾರ್ಚಿ ಬಿಸಿಲು ಆಗಲೇ ಬಲೆಯ ಮೇಲೆ ಕೂತಿತ್ತು. ಅವರಿಬ್ಬರು ಹೋದರೆ ಸಸಿ ವಾರ ತಡೆಯುವುದಿಲ್ಲ. ಸಸಿ ಹೋದರೆ ಹೆಮ್ಮಿಗೆಯ ಪರೀಕ್ಷೆಯೇ ಇಲ್ಲ, ಮೇಡಮ್ಮೋರ ಮೂರು ವರ್ಷವೂ ಇಲ್ಲ.

ಹದಿನೇಳನೇ ತಾರೀಕು ಸಾಹೇಬರ ಫೋನು ಬಂತು. “ಒಪ್ಪಿದ್ದಾರೆ. ಕಾಗದದ ತಾರೀಕಿನಿಂದ.”

“ಅದರ ಹಿಂದಿಂದು?”

“ಮೊದಲೇ ಹೇಳಿದ್ನಲ್ಲ ತಾಯಿ.”

ಡಿಸೆಂಬರು, ಜನವರಿ, ಇಬ್ಬರದೂ ಸೇರಿ ಮೂವತ್ತೇಳು ಸಾವಿರದ ಎಂಟುನೂರು. ನಾನು ಎಲ್ಲ ವರಸೆ ಹಾಕಿದೆ. ಗೋಳಾಡಿದೆ. ಜಗಳವಾಡಿದೆ. ಅರ್ಧಕ್ಕೆ ಇಳಿದೆ. “ಒಂದು ತಿಂಗಳದಾದ್ರೂ ಕೊಡಿ ಸಾ” ಎಂದೆ. ಅವರು ಎಲ್ಲ ಕೇಳಿಸಿಕೊಂಡು, “ನೀವು ಎಷ್ಟು ಚೆನ್ನಾಗಿ ಕೇಳಿದ್ರೂ ಆ ದುಡ್ಡು ನನ್ನದಲ್ಲ. ನನ್ನದಾಗಿದ್ರೆ ನೀವು ಮೊದಲ ಮಾತಿಗೇ ಗೆದ್ದಿರ್ತಿದ್ರಿ” ಎಂದರು. ಚೌಕಾಸಿಯಲ್ಲಿ ನಾನು ಸೋತದ್ದು ಅಪರೂಪ. ಸೋತು ಮರ್ಯಾದೆ ಉಳಿದದ್ದು ಅದೊಂದೇ ಸಲ.

ಕರೆತಂದವಳು ನಾನು. ಮಾತು ಕೊಟ್ಟವಳು ನಾನು. ಮೇಡಮ್ಮೋರು ತಾವು ಕೊಡುತ್ತೇನೆ ಅಂತ ಬಂದರು, ಬೇಡ ಅಂದೆ. ಸ್ಕೂಟರಿಗೆ ಅಂತ ಕೂಡಿಟ್ಟಿದ್ದ ಚೀಟಿ ಹಣ ಎತ್ತಿ ಮಾದೇವಮ್ಮನಿಗೂ ಓರಗಿತ್ತಿಗೂ ಎಣಿಸಿದೆ. ಅವರು ಗಾರ್ಮೆಂಟ್ಸಿಗೆ ಹೋಗಲಿಲ್ಲ. ಆ ವಿಷಯ ತಿಳಿಸಲು ಸಾಹೇಬರಿಗೆ ಫೋನು ಮಾಡಿದರೆ ಶಹಭಾಸ್ ಅನ್ನಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. “ರಸೀದಿ ತಗೊಂಡ್ರಾ?” ಎಂದರು.

“ನನ್ ಸ್ವಂತ ದುಡ್ಡು ಸಾ. ನಿಮ್ಗ್ಯಾಕೆ ರಸೀದಿ?”

“ದುಡ್ಡು ನಿಮ್ಮದು. ಕೆಲಸ ಪ್ರಾಜೆಕ್ಟಿನದು. ಯಾರು ಕೊಟ್ರೂ ಕೊಟ್ಟಿದ್ದಕ್ಕೆ ಕಾಗದ ಇರ್ಲಿ. ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸ, ಬರೆದು ಸಹಿ ಹಾಕ್ಸಿ. ಕೊಟ್ಟ ತಾರೀಕು ಇವತ್ತಿಂದೇ ಹಾಕಿ, ಹಳೇದು ಹಾಕ್ಬೇಡಿ.”

ಗೊಣಗಿಕೊಂಡೇ ಬರೆದೆ. ಮಾದೇವಮ್ಮ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಸಸಿ ನೆಟ್ಟಷ್ಟು ಜೋಪಾನವಾಗಿ ನೆಟ್ಟಳು. ಸಾಹೇಬರು ಅದನ್ನು ಫೈಲಿನಲ್ಲಿ ಸೇರಿಸಿದರಂತೆ. ಈ ಮನುಷ್ಯನಿಗೆ ಕಾಗದದ ಹುಚ್ಚು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮುಂಗಾರಿಗೆ ಸಸಿ ಹೆಮ್ಮಿಗೆಗೆ ಹೋದವು. ದಸರಾ ಕಳೆದ ಮೇಲೆ ಆಡಿಟ್ಟು ಬಂತು. ಬೇರೆ ಊರಿನಿಂದ ಬಂದ ಚಿಕ್ಕ ವಯಸ್ಸಿನ ಆಡಿಟರು, ಚುರುಕು. ನರ್ಸರಿಗೇ ಬಂದು ನೋಡುತ್ತೇನೆ ಎಂದರು. ಮೇಡಮ್ಮೋರು, ಸಾಹೇಬರು, ನಾನು, ನೀರು ಹಾಕುವ ಹೆಂಗಸರು ಎಲ್ಲ ನಿಂತಿದ್ದೇವೆ. ಆಡಿಟರು ಫೈಲು ತಿರುವಿ ಒಂದು ಕಡೆ ಬೆರಳಿಟ್ಟರು.

“ಫೆಬ್ರವರಿಯಿಂದ ನಾಲ್ಕು ಜನಕ್ಕೆ ಕೂಲಿ. ಅದಕ್ಕೆ ಮೊದಲು ಇಬ್ಬರಿಗೆ. ಸಸಿ ಸಂಖ್ಯೆ ಅಷ್ಟೇ. ಇಬ್ಬರಿಂದ ಆಗ್ತಿತ್ತು ಅಂದ್ರೆ ಆಮೇಲೆ ನಾಲ್ಕು ಜನ ಯಾಕೆ? ಇಬ್ಬರಿಂದ ಆಗ್ತಿರ್ಲಿಲ್ಲ ಅಂದ್ರೆ ಆ ಎರಡು ತಿಂಗಳು ಸಸಿ ಬದುಕಿದ್ದು ಹೇಗೆ?”

ಎಂಥ ಪ್ರಶ್ನೆ ನೋಡಿ. ಯಾವ ಕಡೆ ಉತ್ತರ ಹೇಳಿದರೂ ಸಿಕ್ಕಿಬಿದ್ದೆವು. ಹೆಚ್ಚಿನ ಕೂಲಿ ಸುಳ್ಳು ಅಂತ ಬರೆದುಬಿಟ್ಟರೆ ಆ ಹಣ ವಿಶ್ವವಿದ್ಯಾಲಯ ವಾಪಸ್ ಕಟ್ಟಬೇಕು, ಮುಂದಿನ ಕಂತು ನಿಲ್ಲುತ್ತದೆ, ಹೆಮ್ಮಿಗೆಯಲ್ಲಿ ಮೊಣಕಾಲೆತ್ತರ ನಿಂತ ಬಾಳೆ ಅಲ್ಲಿಗೇ ನಿಲ್ಲುತ್ತದೆ. ಸಾಹೇಬರು ಫೈಲನ್ನು ಹಿಂದಕ್ಕೆ ತಿರುವಿ ನಮ್ಮ ರಸೀದಿಯ ಮೇಲೆ ಬೆರಳಿಟ್ಟರು.

ಆಡಿಟರು ಎರಡು ಸಲ ಓದಿದರು. “ಇದು ಯೂನಿವರ್ಸಿಟಿ ಹಣ ಅಲ್ವಲ್ಲ?”

“ಅಲ್ಲ. ಅದಕ್ಕೇ ಕ್ಲೇಮು ಮಾಡಿಲ್ಲ. ಆದ್ರೆ ಕೆಲಸ ಆಗಿದೆ. ಮಾಡಿದೋರು ಇಲ್ಲೇ ಇದ್ದಾರೆ.”

ಮಾದೇವಮ್ಮ ಕರೆಯದೆಯೇ ಮುಂದೆ ಬಂದಳು. “ನಂದೇ ಸಾ ಆ ಸೈನು. ಬೇಕಾದ್ರೆ ಇನ್ನೊಂದ್ ಸತಿ ಆಕ್ತೀನಿ ನೋಡ್ಕಳಿ. ಆ ಎಲ್ಡ್ ತಿಂಗ್ಳು ಡೆಲ್ಲಿಯೋರು ಬಂದು ನೀರಾಕ್ಲಿಲ್ಲ, ನಾವೇ ಆಕಿದ್ದು.”

ಆಡಿಟರು ನಕ್ಕರು. ಪೆನ್ನಿನ ಮುಚ್ಚಳ ಹಾಕಿ, “ಪೈಪು ರಿಪೇರಿ ಬಿಲ್ಲೊಂದು ಇರುತ್ತೆ ಅನ್ಕೊಂಡಿದ್ದೆ. ಎಲ್ಲ ಕಡೆ ಇರುತ್ತೆ” ಎಂದರು. ನಾನು ತಲೆಯೆತ್ತಿ ಬಲೆಯ ತೂತು ಎಣಿಸತೊಡಗಿದೆ. ಸಾಹೇಬರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಅಂತ ನನಗೆ ಗೊತ್ತು. ಅದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ.

ಮುಂದಿನ ಕಂತು ಬಂತು. ಹೆಮ್ಮಿಗೆಯ ಗಿಡಗಳಲ್ಲಿ ಕೆಲವು ಸೊರಗಿದವು, ಕೆಲವು ನಿಂತವು. ಯಾವುದು ನಿಂತಿತು, ಯಾಕೆ ನಿಂತಿತು ಅನ್ನುವುದನ್ನು ಮೇಡಮ್ಮೋರು ಬರೆದರು. ಸಸಿ ಸಾಕಲು ನಾಲ್ಕು ಜನ ಬೇಕು ಅನ್ನುವುದೂ ಅದರಲ್ಲಿದೆ. ಅವರ ಎರಡನೇ ಪ್ರಾಜೆಕ್ಟಿನ ಬಜೆಟ್ಟು ಬರೆಯುವಾಗ ಸಾಹೇಬರು ನನ್ನನ್ನೂ ಕರೆಸಿ ಕೂರಿಸಿದರು. “ಖರ್ಚು ಮಾಡೋರು ಬರೀಬೇಕು, ಸಹಿ ಹಾಕೋರು ಓದ್ಬೇಕು. ಎಲ್ಲ ಕಡೆ ಉಲ್ಟಾ ನಡೀತಿದೆ” ಅನ್ನುತ್ತಿದ್ದರು. ಹೆಮ್ಮಿಗೆಗೆ ಸಸಿ ಸಾಗಿಸುವ ಬಾಡಿಗೆಯನ್ನು ನಾನು ಮೊದಲ ಪ್ರಾಜೆಕ್ಟಿನಲ್ಲಿ ಬಿಟ್ಟಿ ಅಂತ ಬರೆದುಕೊಟ್ಟು ಕೈ ಸುಟ್ಟುಕೊಂಡಿದ್ದೆ. ಅದನ್ನು ತೋರಿಸಿ ಬೈದರು. ವ್ಯಾಪಾರ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ: ಬಿಟ್ಟಿ ಅಂತ ಎಂದೂ ಬರೆಯಬೇಡಿ. ಬೆಲೆ ಬರೆಯಿರಿ, ಬೇಕಾದರೆ ಪಕ್ಕದಲ್ಲಿ ರಿಯಾಯಿತಿ ಬರೆಯಿರಿ. ಬೆಲೆ ಬರೆಯದ ಕೆಲಸವನ್ನು ಮಾರನೇ ವರ್ಷ ಎಲ್ಲರೂ ಮರೆಯುತ್ತಾರೆ, ಮಾಡಿದವರೂ ಸೇರಿ.

ಅವರು ನಿವೃತ್ತರಾದ ಎರಡನೇ ವರ್ಷ, ಜ್ವರ ಅಂತ ಮಲಗಿದವರು ಏಳಲಿಲ್ಲ. ಮೇಡಮ್ಮೋರು ಫೋನಿನಲ್ಲಿ ಹೇಳಿದರು. ಹನ್ನೊಂದರ ಕಾರ್ಯ ಕಳೆದ ಮೇಲೆ, ಕೊನೆಗೂ ಕೊಂಡಿದ್ದ ಸ್ಕೂಟರಿನಲ್ಲಿ ಸೋಸಲೆಗೆ ಹೋದೆ. ಅಂಗಳದ ತಂತಿಯ ಮೇಲೆ ನಾಲ್ಕು ಜೇಬಿನ ಅಂಗಿಗಳು ಒಣಗುತ್ತಿದ್ದವು.

ಅವರ ಹೆಂಡತಿ ದನಿಯಿಂದಲೇ ನನಗೆ ಪರಿಚಿತರು. ಕಾಫಿ ಕೊಟ್ಟು ಪಕ್ಕದಲ್ಲಿ ಕೂತರು. “ಒಗೆಯೋಕೆ ಮುಂಚೆ ಜೋಬೆಲ್ಲ ನೋಡ್ದೆ ಕಣಮ್ಮ. ಕೆಂಪಲ್ಲಿ ನಲವತ್ತು ರೂಪಾಯಿ ಇತ್ತು. ಬೇರೆ ಎಲ್ಲ ಖಾಲಿ. ಅದನ್ನ ಎಲ್ಲಿಗೆ ಹಾಕೋದು ಅಂತಾನೇ ಗೊತ್ತಾಗ್ತಿಲ್ಲ. ಹುಂಡಿಗೆ ಹಾಕು ಅಂತಾನೆ ನನ್ನ ತಮ್ಮ. ಮನಸ್ಸು ಬರ್ತಿಲ್ಲ.”

“ಬಸ್ಸಿನ ದುಡ್ಡಲ್ವಾ ಅಮ್ಮ? ಬಸ್ಸಿಗೇ ಇರ್ಲಿ. ಒಂದ್ ದಿನ ನಮ್ ನರ್ಸರಿಗೆ ಬನ್ನಿ. ಅವ್ರು ಕೂತಿದ್ದ ಜಾಗ ತೋರುಸ್ತೀನಿ.”

ಒಂದು ಭಾನುವಾರ ಬಂದರು. ಬಂದವರೇ ಮುಚ್ಚಿದ ಮುಷ್ಟಿ ಬಿಚ್ಚಿ ತೋರಿಸಿದರು. ನಲವತ್ತು ರೂಪಾಯಿ ಹಾಗೇ ಇತ್ತು. “ಕಂಡಕ್ಟರು ಈಸ್ಕೊಳ್ಳಲಿಲ್ಲ ಕಣಮ್ಮ. ಹೆಂಗಸರಿಗೆ ಬಿಟ್ಟಿ ಅಲ್ವಾ ಈಗ. ಎರಡು ಬಸ್ಸಲ್ಲೂ ಚೀಟಿ ಹರಿದು ಕೊಟ್ಟ, ದುಡ್ಡು ಬೇಡ ಅಂದ. ನಾನು ಮರ್ತೇಬಿಟ್ಟಿದ್ದೆ.” ನಗುತ್ತಾ ಹೇಳಿದರು, ಕಣ್ಣು ಒರೆಸಿಕೊಂಡರು. ಸ್ಕೂಟರು ಬಂದ ಮೇಲೆ ಬಸ್ಸು ಹತ್ತದ ನನಗೂ ಅದು ಹೊಳೆದಿರಲಿಲ್ಲ.

ನೆರಳುಮನೆ ತೋರಿಸಿದೆ. ಮಣೆ ತೋರಿಸಿದೆ. ಬೇಲಿಯ ಪಕ್ಕ ಗೊನೆ ಹಣ್ಣಾಗಿತ್ತು. ಪ್ರಾಜೆಕ್ಟಿನ ಗಿಡದ್ದಲ್ಲ, ಅದರ ಹಣ್ಣು ಮಾರಿದರೆ ವಿಶ್ವವಿದ್ಯಾಲಯಕ್ಕೆ ಜಮಾ ಆಗಬೇಕು. ಇದು ನನ್ನ ಗಿಡ. ಮಾದೇವಮ್ಮ ಒಂದು ಚಿಪ್ಪು ಕೊಯ್ದು ತಂದಳು.

“ಎಷ್ಟು?” ಎಂದು ಕೇಳಿದರು ಅಮ್ಮ.

“ಬುಡಿ ಅಮ್ಮ, ದುಡ್ಡೇನು.”

“ಬಿಟ್ಟಿ ಅಂದ್ರೆ ಅವ್ರು ಮುಟ್ತಿರ್ಲಿಲ್ಲ.”

“ಅಂಗಾದ್ರೆ ನಲವತ್ತು.”

ರಸಬಾಳೆಯ ಚಿಪ್ಪು ನಲವತ್ತಕ್ಕೆ ಸಿಗುವುದಿಲ್ಲ, ನನ್ನನ್ನು ಕೇಳಿ. ಅವರು ನೋಟುಗಳನ್ನು ನೋಡುತ್ತಾ ನಿಂತರು. “ಇದು ಬಸ್ಸಿಂದು” ಎಂದರು.

“ಯಾರ್ನಾದ್ರೂ ಕೇಳ್ಬೇಕಾ ಅಮ್ಮ?” ಎಂದಳು ಮಾದೇವಮ್ಮ, ಏನೂ ತಿಳಿಯದೆ.

“ಇಷ್ಟ್ ವರ್ಷ ಅವ್ರು ಕೇಳೋರು, ನಾನು ಹೂಂ ಅನ್ನೋಳು.” ನೋಟುಗಳನ್ನು ನೀವಿ ನನ್ನ ಮುಂದೆ ಹಿಡಿದರು. “ಇವತ್ತು ಕೇಳೋರಿಲ್ಲ. ಆದ್ರೂ ಹೂಂ ಅಂತೀನಿ. ತಗೊಳ್ಳಿ.”

ನಾನು ದುಡ್ಡು ತೆಗೆದುಕೊಂಡೆ. ಒಳಗೆ ಹೋಗಿ ರಸೀದಿ ಪುಸ್ತಕ ತಂದು ಬರೆದೆ: ಬಸ್ಸಿನ ಬಾಬ್ತಿನಿಂದ ಹಣ್ಣಿನ ಬಾಬ್ತಿಗೆ, ಮನೆಯವರ ಒಪ್ಪಿಗೆ ಮೇರೆಗೆ, ನಲವತ್ತು ರೂಪಾಯಿ ಸಂದಿದೆ. ಕೆಳಗೆ ಅವತ್ತಿನ ತಾರೀಕು, ನನ್ನ ಸಹಿ. ಅವರು ಎರಡು ಸಲ ಓದಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.